ಸುಂದರವ್ವನ ಕಲ್ಲು

ರೇಣು ಬುದ್ಧಿವಂತೆ, ಸುಳ್ಳೇಕೆ ಹೇಳಲಿ. ಆದರೆ ಬುದ್ಧಿವಂತರೂ ಹನ್ನೊಂದರ ಬಸ್ಸು ಹಿಡಿದು ಸರ್ವೆಗೆ ಹೋದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬೈಲಹೊಂಗಲದ ನಗರ ಯೋಜನಾ ಕಚೇರಿಯಲ್ಲಿ ನಾನು ಮೂವತ್ತು ವರ್ಷದಿಂದ ನಕ್ಷೆ ತೆಗೆಯುವವನು. ಸಾಲಹಳ್ಳಿಯ ರೇಣು ಎರಡು ವರ್ಷದಿಂದ ಗುತ್ತಿಗೆಯ ಸಹಾಯಕಿ. ಅಹಮದಾಬಾದಿನಲ್ಲಿ ಆರು ತಿಂಗಳ ತರಬೇತಿಗೆ ಅವಳು ಅರ್ಜಿ ಹಾಕುವವಳಿದ್ದಳು, ಜಿಲ್ಲೆಗೆ ಒಂದೇ ಸೀಟು. ಸಿಕ್ಕರೆ ಮುಂದೆ ಕಾಯಂ ನೌಕರಿಗೆ ದಾರಿ. ಅರ್ಜಿಯೊಂದಿಗೆ ಯಾವುದಾದರೂ ಊರಿಗೆ ತಾನೇ ಮಾಡಿದ ಯೋಜನೆ ಕೊಡಬೇಕಿತ್ತು. ಅವಳು ದೊಡವಾಡದ ಬಸ್ ನಿಲ್ದಾಣ ಆರಿಸಿಕೊಂಡಿದ್ದಳು.

ಕೊನೆಯ ದಿನದ ಹಿಂದಿನ ಸಂಜೆ ನನಗೆ ತೋರಿಸಿದಳು. ಮದುಮಗಳಂತೆ ಸಿಂಗರಿಸಿದ ನಕ್ಷೆ. ನಿಲ್ದಾಣದ ಪಕ್ಕದಲ್ಲಿ ‘ಖಾಲಿ ಜಾಗ. ಕಲ್ಲು ತೆಗೆಸಿ ಬೈಕ್ ನಿಲ್ದಾಣ ಮಾಡುವುದು’ ಎಂದಿತ್ತು. ನನ್ನ ಅಕ್ಕ ಸುಂದರವ್ವನನ್ನು ಕೊಟ್ಟ ಊರು ಅದು. ಆ ಜಾಗ ನನಗೆ ಗೊತ್ತು. “ಇದು ಖಾಲಿ ಅಂತ ಯಾರ ಹೇಳಿದ್ರು?” ಎಂದೆ.

“ಹನ್ನೊಂದರ ಬಸ್ಸಿಗೆ ಮೂರ ಸಲ ಹೋಗೇನಿ ಕಾಕಾ. ಮೂರೂ ಸಲ ಖಾಲಿ ಇತ್ತು.”

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನಾಳೆ ಮುಂಜಾನೆ ಆರಕ್ಕ ಹೋಗಿ ನೋಡು.”

“ನಾಳೆ ಸಂಜಿ ಐದಕ್ಕ ಕೊಡಬೇಕ್ರಿ!” ಅಳುವ ಹಾಗಾದಳು. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಅವಳು ತಾನೇ ನೋಡಬೇಕಿತ್ತು.

ಮರುದಿನ ಮೊದಲ ಬಸ್ಸಿಗೆ ಅವಳ ಜೊತೆ ನಾನೂ ಹೋದೆ. ಆ ‘ಖಾಲಿ ಜಾಗ’ದ ತುಂಬ ಹೆಂಗಸರು, ಹಾಲಿನ ಕ್ಯಾನುಗಳು. ಡೇರಿ ವ್ಯಾನಿಗೆ ಕಾಯುತ್ತಿದ್ದರು. ಸಾಲಾಗಿ ಇಟ್ಟ ಕಲ್ಲುಗಳು, ಒಂದೊಂದರ ಹತ್ತಿರ ಒಬ್ಬೊಬ್ಬಳು. ಒಂದು ಕಲ್ಲಿನ ಹತ್ತಿರ ಮಾತ್ರ ಯಾರೂ ಇರಲಿಲ್ಲ. ರೇಣು ಅದನ್ನು ಕಾಲಿನಿಂದ ಸರಿಸಿದಳೋ ಇಲ್ಲವೋ, ಅಕ್ಕ ಕ್ಯಾನು ಹಿಡಿದು ಓಡಿಬಂದಳು.

“ಏ ತಂಗಿ! ಅದು ಕಲ್ಲಲ್ಲವ್ವಾ, ನಾನ ಅದು! ಎಮ್ಮಿ ಹಿಂಡೂದು ತಡಾ ಆತು, ನನ್ನ ಪಾಳಿ ಹಿಡಕೊಂಡು ಕುಂತೈತಿ.”

ಎಂಟಕ್ಕೆ ವ್ಯಾನು ಹೋಯಿತು, ಹೆಂಗಸರೂ ಹೋದರು. ಕಲ್ಲುಗಳಷ್ಟೇ ಉಳಿದವು.

“ಇಷ್ಟು ಮಂದಿನ್ನ ನಾ ಖಾಲಿ ಅಂತ ಬರದಿದ್ದೆ, ಕಾಕಾ,” ಎಂದಳು ರೇಣು.

ಕಚೇರಿಗೆ ಬಂದವಳೇ ಬೈಕ್ ನಿಲ್ದಾಣ ಅಳಿಸಿದಳು. ಅಲ್ಲಿ ಬರೆದದ್ದು ಒಂದು ನೆರಳಿನ ಚಪ್ಪರ, ಒಂದು ನಳ, ಇದ್ದಲ್ಲೇ ಇದ್ದ ಕಲ್ಲುಗಳ ಸಾಲು. ಬಣ್ಣ ತುಂಬಲು ಹೊತ್ತಾಗಲಿಲ್ಲ, ಅರ್ಧ ನಕ್ಷೆ ಪೆನ್ಸಿಲ್‌ನಲ್ಲೇ ಹೋಯಿತು. ಸೀಟು ತಪ್ಪಿದರೆ ನನ್ನ ಹಟದಿಂದಲೇ ತಪ್ಪಿತೆಂದು ಹದಿನೈದು ದಿನ ನನಗೆ ಊಟ ರುಚಿಸಲಿಲ್ಲ. ಮಗಳಿಲ್ಲದ ಮನೆ ನಮ್ಮದು, ಅವಳೇ ಮಗಳಾಗಿದ್ದಳು.

ಸೀಟು ಸಿಕ್ಕಿತು. ಸಂದರ್ಶನದಲ್ಲಿ ಬರೀ ಆ ಕಲ್ಲುಗಳ ಬಗ್ಗೆಯೇ ಕೇಳಿದರಂತೆ. ಹೊರಡುವ ದಿನ ಕಾಲಿಗೆ ಬಿದ್ದಳು. “ಬಸ್ಸು ತಪ್ಪತೈತಿ, ನಡಿ” ಎಂದು ಗದರಿಸಿ ಕಳಿಸಿದೆ. ಆ ಭಾನುವಾರ ಅಕ್ಕನ ಮನೆಗೆ ಹೋದವನು ದೊಡವಾಡದಿಂದ ಒಂದು ಕಲ್ಲು ತಂದೆ.

ಸೋಮವಾರ ಕಚೇರಿಯ ಸಿಪಾಯಿ ಬಂದು ರೇಣುವಿನ ಕುರ್ಚಿಗೆ ಕೈ ಹಾಕಿದ. “ಖಾಲಿ ಐತಲ್ರಿ, ಬಾಜೂ ಖೋಲಿಗೆ ಒಯ್ಯಲೇನ್ರಿ?”

ನಾನು ಎದ್ದು ಹೋಗಿ ಕಲ್ಲನ್ನು ಕುರ್ಚಿಯ ಮೇಲಿಟ್ಟೆ.

“ಖಾಲಿ ಎಲ್ಲೈತೋ ತಮ್ಮಾ? ರೇಣು ಕುಂತಾಳ, ನೋಡಲ್ಲೆ.”