ಒಂದೇ ಮೇಜಿಗೆ ಬಂದ ವೈನು

ನನ್ನನ್ನು ಕುಡಿದವರು ನನ್ನ ಬಗ್ಗೆ ಬಹಳ ಬರೆದಿದ್ದಾರೆ. ತೆಳು ಹೊನ್ನಿನ ಬಣ್ಣವಂತೆ, ಹಸಿರು ಸೇಬಿನ ಪರಿಮಳವಂತೆ, ಕೊನೆಯಲ್ಲಿ ಬಾದಾಮಿಯ ಸಣ್ಣ ಕಹಿಯಂತೆ. ನನ್ನನ್ನು ಮಾಡಿದ ಕೈಗಳ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಹಾಗಾಗಿ ನಾನೇ ಬಾಯಿ ತೆರೆದಿದ್ದೇನೆ. ನಾನು ಇಟಲಿಯ ಒಂದು ಬಿಳಿ ವೈನು. ನನ್ನ ದ್ರಾಕ್ಷಿಯ ಹೆಸರು ವೆರ್ದಿಕ್ಕಿಯೊ. ಮಾಗಿದರೂ ಸಿಪ್ಪೆಯ ಹಸಿರು ಬಿಡದ ಹಟಮಾರಿ ಹಣ್ಣು ಅದು.

ಹುಟ್ಟಿದ್ದು ಮಾರ್ಕೆ ಸೀಮೆಯಲ್ಲಿ, ಸಮುದ್ರದ ಗಾಳಿ ಬಂದು ತಾಗುವ ಒಂದು ಗುಡ್ಡದ ಮೇಲೆ. ಎರಡನೆಯ ಮಹಾಯುದ್ಧ ಮುಗಿದು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಗುಡ್ಡ ಎಜಿದಿಯೊ ಧಣಿಯದು. ಬಳ್ಳಿ ಮಾತ್ರ ಬಲ್ಲದ್ದು ಸೆತ್ತಿಮಿಯಾಳ ಕೈಯನ್ನು. ಅವಳು ಕೊಯ್ಲಿನ ಹೆಂಗಸರ ಮುಂದಾಳು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಬಾಯಿ ಜೋರು. ಚಳಿಗೆ ಬೆರಳು ಮರಗಟ್ಟಿದರೂ ಕತ್ತರಿ ಹಿಡಿದು ನನ್ನ ತಾಯಿಬಳ್ಳಿಯನ್ನು ಸವರಿದವಳು ಅವಳು. ಎಳೆ ಕುಡಿಯನ್ನು ತಂತಿಗೆ ಕಟ್ಟಿ, ಗೊಂಚಲಿಗೆ ಗಾಳಿಯಾಡಲೆಂದು ಎಲೆ ಬಿಡಿಸಿದವಳೂ ಅವಳೇ.

ನನ್ನಂಥ ಬಿಳಿ ವೈನಿನ ಹುಟ್ಟು ನಾಜೂಕು. ಹಣ್ಣನ್ನು ಬೆಳಗಿನ ತಂಪಿನಲ್ಲೇ ಕೊಯ್ಯಬೇಕು, ಬಿಸಿಲೇರುವ ಮುನ್ನ ಗಾಣಕ್ಕೆ ಹಾಕಿ ಮೆಲ್ಲಗೆ ಹಿಂಡಬೇಕು. ತಡವಾದರೆ ರಸ ಕಂದಿ ಹೋಗುತ್ತದೆ. ಮೊದಲು ಇಳಿದ ತಿಳಿರಸ ಧಣಿಯ ತೊಟ್ಟಿಗೆ. ಉಳಿದ ಸಿಪ್ಪೆ ಬೀಜದ ಚರಟಕ್ಕೆ ನೀರು ಹೊಯ್ದು, ಹುಳಿ ಬರಿಸಿ, ಕೆಲಸದವರಿಗೆ ಕೊಡುತ್ತಿದ್ದರು. ವಸಂತದಲ್ಲಿ ತೊಟ್ಟಿ ತೆರೆಯುವ ದಿನ ಆ ಮನೆಯಲ್ಲಿ ದೊಡ್ಡ ಊಟ. ಒಳಗೆ ಮೇಜು, ಗಾಜಿನ ಲೋಟ, ವೈನು. ಅಂಗಳದಲ್ಲಿ ನೆಲ, ತಗಡಿನ ಲೋಟ, ಚರಟದ ನೀರು. ದ್ರಾಕ್ಷಿ ಮುಟ್ಟಬಹುದಾದ ಕೈ ಲೋಟ ಮುಟ್ಟಬಾರದು! ಇಂಥ ಲೆಕ್ಕ ಎಲ್ಲೋ ಕೇಳಿದ ಹಾಗಿದೆಯೇ, ಓದುಗರೇ?

ನಾನು ಹುಟ್ಟುವ ಮುಂಚಿನ ಒಂದು ಊಟದಲ್ಲಿ ಸೆತ್ತಿಮಿಯಾ ಬಾಗಿಲಿಗೆ ಬಂದು, "ಧಣಿ, ನಾವ್ ಬೆಳೆಸಿದ್ದು ಹೆಂಗಿದೆ ಅಂತ ಒಂದ್ ಗುಟುಕು ನೋಡ್ಬೇಕಿತ್ತು" ಎಂದಿದ್ದಳಂತೆ.

ಧಣಿ ನೆಂಟರ ಮುಂದೆ ನಕ್ಕನಂತೆ. "ಅದು ನಿಮ್ ನಾಲಿಗೆಗೆ ಹತ್ತೋದಲ್ಲ ಬಿಡಮ್ಮ."

ಆ ಮಾತನ್ನು ಅವಳು ಬಳ್ಳಿಸಾಲಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಕೊಯ್ಲಿನ ಬೆಳಗು ಬಂತು. ಬುಟ್ಟಿಗಳು ತುಂಬಿದವು. ಗಾಣಕ್ಕೆ ಹೊರುವ ಹೊತ್ತಿಗೆ ಸರಿಯಾಗಿ ಹೆಂಗಸರೆಲ್ಲ ಸಾಲಿನ ನಡುವೆ ಕೂತುಬಿಟ್ಟರು.

ಧಣಿ ಓಡಿ ಬಂದ. "ಏನಾಯ್ತು? ಕಾಲು ನೋವಾ?"

"ಕಾಲು ಗಟ್ಟಿಯಾಗೇ ಇದೆ" ಎಂದಳು ಸೆತ್ತಿಮಿಯಾ. "ತೊಟ್ಟಿ ತೆರೆಯೋ ಊಟಕ್ಕೆ ಒಂದೇ ಮೇಜು, ಒಂದೇ ಥರದ ಲೋಟ, ಒಂದೇ ವೈನು. ಹೂಂ ಅನ್ನಿ, ಏಳ್ತೀವಿ."

"ಕೂಲಿ ಬೇಕಾದ್ರೆ ಒಂದಿಷ್ಟು ಜಾಸ್ತಿ ಮಾಡೋಣ. ಮೇಜಿನ ಮಾತು ಬೇಡ."

"ಕೂಲಿ ಬಿಟ್ಟಿಲ್ಲ ಧಣಿ, ಅದನ್ನ ನಾಳೆ ಕೇಳ್ತೀವಿ. ಇವತ್ತು ಮೇಜು."

ಹೆಂಗಸರು ಗೊಳ್ಳೆಂದರು. ಧಣಿ ಅಂಜೂರದ ನೆರಳಿಗೆ ಹೋಗಿ ಟೋಪಿಯಲ್ಲಿ ಗಾಳಿ ಹಾಕಿಕೊಳ್ಳತೊಡಗಿದ. ಅವನ ಎಣಿಕೆ ನನಗೆ ಅರ್ಥವಾಯಿತು. ಮಕ್ಕಳಂತೆ ಸಾಕಿದ ಹಣ್ಣು ಬಿಸಿಲಲ್ಲಿ ಬಾಡುವುದನ್ನು ಈ ಹೆಂಗಸರು ನೋಡಲಾರರು, ತಾವಾಗಿಯೇ ಏಳುತ್ತಾರೆ!

ಬಿಸಿಲು ಬುಟ್ಟಿಗೆ ಇಳಿಯಿತು. ನನ್ನ ಸಿಪ್ಪೆ ಬಿಸಿಯಾಯಿತು. ಕಣಜದ ಹುಳಗಳು ಸುತ್ತತೊಡಗಿದವು. ಸುಳ್ಳೇಕೆ, ಹೆದರಿದೆ. ಹುಟ್ಟುವ ಮುನ್ನವೇ ಹುಳಿಯಾಗಿ ಸಾಯುವುದು ಯಾರಿಗೆ ಬೇಕು? ಆದರೂ ಒಳಗೊಳಗೇ, ಏಳಬೇಡ ಸೆತ್ತಿಮಿಯಾ, ಏಳಬೇಡ ಎನ್ನುತ್ತಿದ್ದೆ.

ಸೆತ್ತಿಮಿಯಾ ಎದ್ದಳು. ನೆರಳಲ್ಲಿದ್ದ ಧಣಿಯ ಮುಖ ಅರಳಿತು. ಅವಳು ನೆಟ್ಟಗೆ ಬಾವಿಗೆ ನಡೆದಳು. ತಲೆವಸ್ತ್ರ ಬಿಚ್ಚಿ, ನೀರಲ್ಲಿ ಅದ್ದಿ, ತಂದು ನನ್ನ ಬುಟ್ಟಿಯ ಮೇಲೆ ಹೊದಿಸಿ, ಮತ್ತೆ ಅಲ್ಲೇ ಕೂತಳು.

"ಮುಷ್ಕರ ಧಣಿ ಮೇಲೆ ಕಣ್ರೇ" ಎಂದಳು, "ಹಣ್ಣಿನ ಮೇಲಲ್ಲ."

ಒಬ್ಬೊಬ್ಬಳಾಗಿ ಎಲ್ಲರೂ ಬಾವಿಗೆ ಹೋಗಿ ಬಂದರು. ಗುಡ್ಡದ ತುಂಬ ಒದ್ದೆ ತಲೆವಸ್ತ್ರಗಳು. ಹೊರಗೆ ಬರಿದಲೆಯ ಹೆಂಗಸರು ಬಿಸಿಲಿಗೆ ಕೂತಿದ್ದರು, ಒಳಗೆ ನಾನು ತಣ್ಣಗಿದ್ದೆ.

ಧಣಿಗೆ ತಾಳ್ಮೆ ಕೆಟ್ಟಿತು. ತಾನೇ ಒಂದು ಬುಟ್ಟಿ ಎತ್ತಿದ. ನಾನಿದ್ದ ಬುಟ್ಟಿಯೇ! ಏದುಸಿರು ಬಿಡುತ್ತ, ಎರಡು ಕಡೆ ಇಳಿಸಿ, ಗಾಣದ ಮನೆ ಮುಟ್ಟಿಸಿದ. ಗಾಣದ ಉಬಾಲ್ದೊ ಕೈಕಟ್ಟಿ ನಿಂತಿದ್ದ.

"ಹಿಂಡೋ!"

"ಹಿಡಿ ತಿರುಗಿಸೋಕೆ ಇಬ್ಬರು ಬೇಕು ಧಣಿ. ನನ್ ಜೊತೆ ತಿರುಗಿಸೋಳು ನನ್ ಹೆಂಡ್ತಿ. ಅವಳು ಅಲ್ಲಿ ಕೂತವಳೆ." ಉಬಾಲ್ದೊ ಕೈ ಒರೆಸಿಕೊಂಡ. "ನಾನೂ ಕೂರೋಕೇ ಹೊರಟಿದ್ದೆ. ಮನೆಗೆ ಹೋದ್ರೆ ಊಟ ಸಿಗ್ಬೇಕಲ್ಲ."

ಧಣಿ ಬಾಗಿಲಲ್ಲಿ ನಿಂತು ಗುಡ್ಡ ನೋಡಿದ. ಬಟ್ಟೆಗಳು ಒಣಗುತ್ತಿದ್ದವು, ಇಬ್ಬರು ಆಗಲೇ ಮತ್ತೆ ನೀರಿಗೆ ಹೊರಟಿದ್ದರು. ಇವರು ಇಡೀ ದಿನ ಕೂರಬಲ್ಲರು ಎಂದು ಅವನಿಗೆ ಗೊತ್ತಾಯಿತು.

"ಆಯ್ತು!" ಎಂದು ಕೂಗಿದ. "ಒಂದೇ ಮೇಜು!"

"ಲೋಟ?"

"ಅದೂ ಒಂದೇ!"

"ವೈನು?"

"...ಅದೇ ವೈನು."

ಅಂದು ಬುಟ್ಟಿಗಳು ಓಡಿದ ಓಟ! ಗಾಣ ಮೆಲ್ಲಗೆ ಅಮುಕಿತು, ನಾನು ಹಸಿರು ಹೊಳೆಯುವ ರಸವಾಗಿ ಇಳಿದೆ. ನೆಲಮಾಳಿಗೆಯ ತಂಪಿನಲ್ಲಿ ತಿಳಿಯಾದೆ, ಹುದುಗು ಬಂದು ವಾರಗಟ್ಟಲೆ ಗುಳುಗುಳು ಎಂದೆ, ಚಳಿಗಾಲವಿಡೀ ನನ್ನದೇ ಗಸಿಯ ಮೇಲೆ ಮಲಗಿ ಮೈತುಂಬಿಕೊಂಡೆ. ಆ ವರ್ಷದ ಚರಟ ಬಳ್ಳಿಯ ಬುಡಕ್ಕೆ ಗೊಬ್ಬರವಾಯಿತು. ಕೊಟ್ಟಿದ್ದರೂ ಕುಡಿಯುವವರಿರಲಿಲ್ಲ.

ವಸಂತ ಬಂತು. ಮನೆಯೊಳಗಿನ ಮೇಜು ಸಾಲದೆ ಬಾಗಿಲು ಕಳಚಿ ತಂದು ಜೋಡಿಸಿದರು. ಧಣಿ ಬಾಟಲಿಯಿಂದ ನನ್ನನ್ನು ಸೆತ್ತಿಮಿಯಾಳ ಗಾಜಿನ ಲೋಟಕ್ಕೆ ಬಗ್ಗಿಸಿದ. ಅವಳು ಬೆಳಕಿಗೆ ಹಿಡಿದು ನೋಡಿದಳು. ಗುಟುಕರಿಸಿದಳು. ಆಮೇಲೆ ಲೋಟ ಮುಂದೆ ಚಾಚಿದಳು.

"ನಾಲಿಗೆಗೆ ಹತ್ತಿತು ಧಣಿ. ಇನ್ನೊಂದಿಷ್ಟು ಹಾಕಿ."

ಮೇಜು ನಡುಗುವಷ್ಟು ನಕ್ಕರು. ಧಣಿ ಹಾಕಿದ. ಹಾಕಲೇಬೇಕಾಯಿತು.

ವೈನು ಕುಡಿದರೆ ಮುಗಿಯಿತು ಅನ್ನುತ್ತಾರೆ. ಸುಳ್ಳು. ಅಂದು ಖಾಲಿಯಾದ ಒಂದು ಬಾಟಲಿಯನ್ನು ಸೆತ್ತಿಮಿಯಾ ಸೊಂಟದ ಮುಂದೆ ಕಟ್ಟಿಕೊಂಡಿದ್ದ ಬಟ್ಟೆಯಲ್ಲಿ ಸುತ್ತಿ ಒಯ್ದಳು. ಅದರ ತಳದ ಮಾಸಿದ ಕಲೆಯೇ ಈಗಿನ ನಾನು. ಅವಳು ಹೋಗಿ ಎಷ್ಟೋ ಕಾಲವಾಯಿತು. ನಾನು ಕೊಯ್ಲಿನವರ ಸಂಘದ ಕೋಣೆಯಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಈಗ ಕೊಯ್ಯುವವರು ಬೇರೆ ಬೇರೆ ದೇಶದವರು. ಅವರನ್ನು ಅಂಗಳದಲ್ಲೇ ಕೂರಿಸಲು ನೋಡುವ ಧಣಿಗಳೂ ಇದ್ದಾರೆ. ಹಾಗಾಗಿ ಈ ಕೋಣೆಗೆ ಬೀಗ ಬಿದ್ದಿಲ್ಲ.

ಮೊನ್ನೆ ಕೊಯ್ಲಿಗೆ ಬಂದ ಪಂಜಾಬಿನ ಹುಡುಗಿಯೊಬ್ಬಳು ಹೊಸ್ತಿಲಲ್ಲೇ ನಿಂತು, ಒಳಗೆ ಬರಬಹುದೋ ಬಾರದೋ ಎಂದು ಅನುಮಾನಿಸುತ್ತ, ನನ್ನನ್ನೇ ದಿಟ್ಟಿಸಿ ಕೇಳಿದಳು: "ಈ ಖಾಲಿ ಬಾಟಲಿ ಯಾಕೆ ಇಟ್ಟಿದೀರಿ?"

ಸೆತ್ತಿಮಿಯಾಳ ಮೊಮ್ಮಗಳು ಕುರ್ಚಿ ಎಳೆದು ಮೇಜಿಗೆ ಹಾಕಿದಳು.

"ಮೊದ್ಲು ಕೂತ್ಕೊ. ಆಮೇಲೆ ಹೇಳ್ತೀನಿ."