ಹೇಳದೇ ಹೋದ ‘ಇಲ್ಲ’

ತುದಿಯಿಂದ ಮೇಲಕ್ಕೆ ಬಿಡಿಸಿಕೊಂಡು ಬಂದ ಸಿಕ್ಕು ಕಿವಿಯ ಹಿಂದೆ ಬಂದು ಗಂಟಾಗಿ ನಿಂತಿತು. ಕ್ಷೌರಿಕ ಬಾಚಣಿಗೆಯನ್ನು ಬದಿಗಿಟ್ಟು ಬೆರಳಿನಲ್ಲೇ ಎಳೆ ಎಳೆಯಾಗಿ ಬಿಡಿಸತೊಡಗಿದ. ಎಳೆದರೆ ನೋವಾದೀತೆಂದು ಕೂದಲಿನ ಬುಡವನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದ. ಇನ್ನು ಅವಳಿಗೆ ನೋವಾಗುವುದಿಲ್ಲ ಎಂದು ಹೊಳೆದ ಮೇಲೂ ಆ ಕೈಯನ್ನು ಸಡಿಲಿಸಲಿಲ್ಲ.

ಹೆಂಡತಿಯನ್ನು ಬೆಳಿಗ್ಗೆ ಆಸ್ಪತ್ರೆಯಿಂದ ತಂದು ನಡುಮನೆಯ ಮಂಚದ ಮೇಲೆ ಮಲಗಿಸಿದ್ದರು. ಹೃದಯ ನಿಂತುಹೋಯಿತು ಎಂದಷ್ಟೇ ವೈದ್ಯರು ಹೇಳಿದ್ದು. ಈಗ ಮೈ ತೊಳೆದು, ಒಳ್ಳೆಯ ಬಟ್ಟೆ ಹಾಕಿ, ಹೊತ್ತಿಳಿಯುವುದರೊಳಗೆ ಕಳಿಸಿಕೊಡಬೇಕು. ಬೀದಿಯಲ್ಲಿ ಯಾರ ಮನೆಯಲ್ಲಿ ಹೆಣ್ಣುಮಗಳು ಹೋದರೂ ಅಕ್ಕಪಕ್ಕದ ಹೆಂಗಸರು ಕರೆಯದೆಯೇ ಒಳಗೆ ಬಂದು ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಲ್ಲುತ್ತಿದ್ದರು. ಇವಳೂ ಹಾಗೆ ಎಷ್ಟೋ ಮನೆಗಳಿಗೆ ಹೋಗಿದ್ದಳು. ಇವತ್ತು ಮಾತ್ರ ಅವರೆಲ್ಲ ಹೊಸ್ತಿಲಿನಾಚೆಯೇ ಗುಂಪಾಗಿ ನಿಂತಿದ್ದರು. ಅಳುತ್ತಿದ್ದವರೂ ಇದ್ದರು. ಒಳಗೆ ಮಾತ್ರ ಯಾರೂ ಕಾಲಿಡಲಿಲ್ಲ.

“ನೀರು ಕಾಯಿಸಿ ತಂದಿದೀನಿ,” ಎಂದಳು ಎದುರುಮನೆಯಾಕೆ, ಬಕೆಟ್ಟನ್ನು ಬಾಗಿಲಲ್ಲಿ ಇಳಿಸಿ. “ಇನ್ನೂ ಬೇಕಿದ್ರೆ ಹೇಳಿ, ಒಲೆ ಆರಿಸಿಲ್ಲ.”

“ನೀರು ಹಾಕೋಕೆ ಯಾರಾದ್ರೂ ಬರ್ತೀರಾ?” ಎಂದ ಕ್ಷೌರಿಕ.

ಎದುರುಮನೆಯಾಕೆ ಪಕ್ಕದವಳ ಮುಖ ನೋಡಿದಳು. ಪಕ್ಕದವಳು ನೆಲ ನೋಡಿದಳು.

ಅಷ್ಟರಲ್ಲಿ ಹೆಂಡತಿಯ ಅಣ್ಣ ಬಂದ. ಬಸ್ಸಿಳಿದು ಓಡೋಡಿ ಬಂದಿದ್ದನೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದ. ತಂಗಿಯ ಪಾದ ಹಿಡಿದು ಸ್ವಲ್ಪ ಹೊತ್ತು ಕೂತ. ಆಮೇಲೆ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದವನೇ ಕ್ಷೌರಿಕನ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ.

“ಅವರೆಲ್ಲ ಯಾಕೆ ಒಳಗೆ ಬರ್ತಿಲ್ಲ ಗೊತ್ತಲ್ವಾ ಭಾವ?”

“ಗೊತ್ತು ಅಣ್ಣಾ.”

“ಇಷ್ಟು ವರ್ಷ ಆ ಕಾಯಿಲೆಯವರ ಜೊತೆ ಓಡಾಡಿದಳು. ಯಾರು ಕೇಳಿದ್ರೂ ನಂಗಿಲ್ಲ ಅಂತ ಒಂದು ಸಲಾನೂ ಬಾಯಿ ಬಿಡಲಿಲ್ಲ. ಜನ ಇನ್ನೇನು ಅಂದ್ಕೋತಾರೆ? ನಂಗೆ ಗೊತ್ತು ಇಲ್ಲ ಅಂತ, ನಿಮಗೂ ಗೊತ್ತು. ಹೊರಗೆ ಬಂದು ಅಷ್ಟು ಹೇಳಿಬಿಡಿ. ನಮ್ಮ ಮಾತು ನಂಬ್ತಾರೆ.” ಅವನು ನಡುಮನೆಯ ಕಡೆ ತಿರುಗಿದ. “ಚಿಕ್ಕವಳಿದ್ದಾಗ ಅವಳಿಗೆ ತಲೆಗೆ ನೀರು ಹಾಕ್ತಿದ್ದೋನು ನಾನು. ಇವತ್ತು ಅವಳನ್ನ ತೊಳೆಯೋಕೆ ಜನ ಇಲ್ಲ ಅಂದ್ರೆ ನನ್ನಿಂದ ನೋಡೋಕಾಗಲ್ಲ ಭಾವ.”

ಕ್ಷೌರಿಕ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. ಅವಳಿಗೆ ಆ ಕಾಯಿಲೆ ಇರಲಿಲ್ಲ. ಅದನ್ನು ಹೇಳುವುದಕ್ಕೆ ಎರಡು ಉಸಿರಿನಷ್ಟು ಹೊತ್ತೂ ಬೇಡ.

*

ಅವಳದು ಸಭೆ ಕರೆಯುವ ಕೆಲಸ. ಸುತ್ತಲಿನ ಪ್ರದೇಶಕ್ಕೆಲ್ಲ ಸೇರಿ ಎಚ್‌ಐವಿ ತಡೆಯುವುದಕ್ಕೂ ಅದು ತಗುಲಿದವರ ಆರೈಕೆಗೂ ಒಂದು ಯೋಜನಾ ಮಂಡಳಿ ಇತ್ತು. ಅವಳು ಅದರ ಸಂಯೋಜಕಿ. ಆಸ್ಪತ್ರೆಯವರು, ಆರೋಗ್ಯ ಇಲಾಖೆಯವರು, ಲಾರಿ ಡ್ರೈವರುಗಳು, ಮೈಮಾರಿ ಬದುಕುವ ಹೆಂಗಸರು, ಕಾಯಿಲೆ ಹೊತ್ತು ಬದುಕುವವರು, ಇವರನ್ನೆಲ್ಲ ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂರಿಸಬೇಕು. ಇರುವ ಒಂದು ವ್ಯಾನು ಮೊದಲು ಪರೀಕ್ಷೆಗೆ ಹೋಗಬೇಕೋ, ಹಾಸಿಗೆ ಹಿಡಿದವರ ಮನೆಗೆ ಔಷಧಿ ಒಯ್ಯಬೇಕೋ ಎಂಬುದನ್ನು ಅವರೇ ಜಗಳವಾಡಿ ತೀರ್ಮಾನಿಸಬೇಕು. ಯಾರಿಗೆ ಯಾರ ಪಕ್ಕ ಕೂತರೆ ಆಗುವುದಿಲ್ಲ, ಯಾರಿಗೆ ಮಗು ನೋಡಿಕೊಳ್ಳುವವರಿಲ್ಲ, ಯಾರಿಗೆ ಬಾಗಿಲ ಹತ್ತಿರದ ಕುರ್ಚಿ ಬೇಕು, ಎಲ್ಲ ಅವಳಿಗೆ ಬಾಯಿಪಾಠ. ಮತ ಹಾಕುವ ಹಕ್ಕು ಮಾತ್ರ ಅವಳಿಗಿರಲಿಲ್ಲ.

“ಓಟೇ ಇಲ್ಲದ ನಿನಗೆ ಇಷ್ಟೊಂದು ಓಟ ಯಾಕೆ?” ಎಂದು ಅವನು ಛೇಡಿಸುತ್ತಿದ್ದ.

“ನಾನು ಓಡದಿದ್ರೆ ಅವರು ಕೂರೋದೇ ಇಲ್ಲವಲ್ಲ,” ಎನ್ನುತ್ತಿದ್ದಳು.

ಮಂಡಳಿಯಲ್ಲಿ ಕಾಯಿಲೆ ಇರುವವರಿಗೂ ಜಾಗ ಇರಲೇಬೇಕೆಂದು ನಿಯಮವಿತ್ತು. ಅವರು ಯಾರು ಎಂದು ಯಾರೂ ಕೇಳಬಾರದು ಎಂದೂ ಇತ್ತು. ಆದರೂ ಒಮ್ಮೆ ತುಂಬಿದ ಸಭಾಂಗಣದಲ್ಲಿ ಯಾರೋ ಎದ್ದು ನಿಂತು ಅವಳನ್ನೇ ಕೇಳಿದರು: “ನಿಮಗೂ ಇದೆಯಾ?”

“ಆ ಪ್ರಶ್ನೆಗೆ ಇಲ್ಲಿ ಉತ್ತರ ಇಲ್ಲ. ಮುಂದಿನ ವಿಷಯಕ್ಕೆ ಹೋಗೋಣ,” ಎಂದುಬಿಟ್ಟಳು.

ಸಂಜೆಯೊಳಗೆ ಆ ಮಾತು ಬೀದಿಗೆ ಬಂತು, ವಾರ ಕಳೆಯುವಷ್ಟರಲ್ಲಿ ಅವನ ಅಂಗಡಿಯೊಳಕ್ಕೂ ಬಂತು. ಕ್ಷೌರದ ಅಂಗಡಿ ಎಂದರೆ ಕತ್ತಿ, ಕತ್ತಿ ಎಂದರೆ ರಕ್ತ. ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುತ್ತಿದ್ದ, ಅವರ ಕಣ್ಣೆದುರೇ ಕಾಗದ ಬಿಚ್ಚಿ ತೋರಿಸುತ್ತಿದ್ದ. ಆದರೂ ಕಾಯಂ ಗಿರಾಕಿಗಳು ಒಬ್ಬೊಬ್ಬರಾಗಿ ಕಣ್ಣು ತಪ್ಪಿಸಿದರು. ಅಂಗಡಿ ತೆರೆದ ದಿನದಿಂದ ಅವನ ಕೈಗೇ ತಲೆ ಕೊಟ್ಟಿದ್ದ ಮೇಷ್ಟ್ರು, ರಸ್ತೆಯ ಆ ಬದಿಯಿಂದಲೇ ನಡೆದು ಬೇರೆ ಅಂಗಡಿಗೆ ಹೋದರು.

ಅಂದು ಊಟದ ಹೊತ್ತಿಗೆ ಅವನು ತಟ್ಟೆ ತಳ್ಳಿ ಎದ್ದಿದ್ದ.

“ಇಲ್ಲ ಅನ್ನೋಕೆ ನಿಂಗೇನು ಗಂಟು ಹೋಗುತ್ತೆ? ನಿಂಗೆ ಇಲ್ಲ. ಇಲ್ಲದ್ದನ್ನ ಇಲ್ಲ ಅನ್ನು, ಅಷ್ಟೇ!”

ಅವಳೂ ಊಟ ಬಿಟ್ಟಳು. ತಟ್ಟೆ ಬದಿಗೆ ಸರಿಸಿ ಹೇಳಿದಳು: “ನಾನು ಇಲ್ಲ ಅಂದೆ ಅಂತಿಟ್ಕೋ. ನಾಳೆ ಮಂಡಳಿಯಲ್ಲಿರೋ ನರ್ಸಮ್ಮನ್ನ ಕೇಳ್ತಾರೆ. ಅವಳೂ ಇಲ್ಲ ಅಂತಾಳೆ. ಆಮೇಲೆ ಮೂರನೆಯವರನ್ನ. ಹಿಂಗೇ ಒಬ್ಬೊಬ್ಬರೂ ಕೈ ತೊಳ್ಕೊಂಡು ಎದ್ರೆ, ಕೊನೆಗೆ ಬಾಯಿ ಬಿಡದೆ ಕೂತಿರೋರು ಯಾರು ಹೇಳು? ಅವರನ್ನ ಬೆಟ್ಟು ಮಾಡಿ ತೋರಿಸಿದ ಹಾಗಾಗುತ್ತೆ. ನಾನೇ ಕರೆದು ಕೂರಿಸಿದೀನಿ ಅವರನ್ನ.”

“ನನ್ನ ಅಂಗಡಿ ಮುಳುಗ್ತಾ ಇದೆಯಲ್ಲೇ!”

“ಗೊತ್ತು,” ಎಂದಳು. ಅವಳ ಕಣ್ಣು ತುಂಬಿತ್ತು. “ನೀನು ಹೇಳಿದ್ರೆ ಕೆಲಸ ಬಿಡ್ತೀನಿ. ಸುಳ್ಳಲ್ಲ. ಆದ್ರೆ ಒಂದು ಸಲ ಬಂದು ಸಭೆ ನೋಡು. ಆಮೇಲೆ ಹೇಳು.”

ಅವನು ಹೋದ. ಒಳಗೆ ಹೋಗಲು ಮನಸ್ಸಾಗದೆ ವರಾಂಡದ ಕಿಟಕಿಯ ಬಳಿ ನಿಂತ. ತಲೆ ನೋಡಿ ಮನುಷ್ಯನ ಜಾತಕ ಹೇಳಬಲ್ಲೆ ಎಂದು ಅಂಗಡಿಯಲ್ಲಿ ಜಂಬ ಕೊಚ್ಚುತ್ತಿದ್ದವನು ಅವನು. ಯಾರಿಗೆ ಕಾಯಿಲೆ ಇದೆ ಎಂಬುದನ್ನು ಕಂಡುಹಿಡಿದೇ ಬಿಡುತ್ತೇನೆಂದು ಒಬ್ಬೊಬ್ಬರ ಮುಖವನ್ನೂ ಅಳೆದು ನೋಡಿದ. ಬಡಕಲಾಗಿದ್ದವರು ದೊಡ್ಡ ಡಾಕ್ಟರು. ಕೆನ್ನೆ ತುಂಬಿಕೊಂಡು ನಗುತ್ತಿದ್ದಾಕೆ ಯಾರೋ ತಿಳಿಯಲಿಲ್ಲ. ಹಳೆ ಲಾರಿ ಡ್ರೈವರನೊಬ್ಬ ಮಾತುಮಾತಿಗೂ ಎದ್ದು, “ನನ್ನದೊಂದು ಆಕ್ಷೇಪಣೆ ಇದೆ!” ಎಂದು ಗುಡುಗುತ್ತಿದ್ದ. ಹೆಂಡತಿ ತಲೆ ಎತ್ತದೆಯೇ, “ದಾಖಲಾಯ್ತು, ಕೂತ್ಕೊಳ್ಳಿ,” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವನೂ ನಕ್ಕು ಕೂರುತ್ತಿದ್ದ. ಮನೆಯಲ್ಲಿ ಸಭೆಯ ಮಾತು ಬಂದಾಗಲೆಲ್ಲ ಅವಳು ‘ಆಕ್ಷೇಪಣೆ’ ಎಂದು ಕರೆಯುತ್ತಿದ್ದುದು ಈ ಡ್ರೈವರನನ್ನೇ ಇರಬೇಕು.

ಸಭೆ ಮುಗಿಯುವವರೆಗೂ ನಿಂತರೂ ಕ್ಷೌರಿಕನಿಗೆ ಒಬ್ಬರನ್ನೂ ಗುರುತು ಹಿಡಿಯಲಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ, “ಮುಂದಿನ ಸಭೆ ಯಾವಾಗ?” ಎಂದಷ್ಟೇ ಕೇಳಿದ. ಅಂಗಡಿ ಪೂರ್ತಿ ಮುಳುಗಲಿಲ್ಲ, ಮೊದಲಿನ ಹಾಗೆ ತೇಲಲೂ ಇಲ್ಲ. ಯಾರಾದರೂ ಕೆದಕಿದರೆ, “ಅವಳನ್ನೇ ಕೇಳಿ,” ಎನ್ನುವುದನ್ನು ರೂಢಿ ಮಾಡಿಕೊಂಡ.

*

ಹೊರಗೆ ವ್ಯಾನು ನಿಂತ ಸದ್ದಾಯಿತು. ಬಾಗಿಲಲ್ಲಿದ್ದ ಹೆಂಗಸರು ಎರಡು ಪಾಲಾಗಿ ಸರಿದರು. ಮಂಡಳಿಯವರು ಬಂದಿದ್ದರು. ಮುಂದೆ ನರ್ಸಮ್ಮ, ಹಿಂದೆ ಬೇರೆ ಹೆಂಗಸರು, ಕೊನೆಯಲ್ಲಿ ಗೋಡೆ ಹಿಡಿದುಕೊಂಡು ಆಕ್ಷೇಪಣೆ. ಅವನ ಕೂದಲು ಪೂರ್ತಿ ನರೆತಿತ್ತು. ನರ್ಸಮ್ಮ ಮಂಚದ ಬಳಿ ನಿಂತು ಅವಳ ಹಣೆ ಸವರಿದಳು.

“ಸ್ನಾನ ಆಯ್ತಾ?” ಎಂದು ಕೇಳಿದಳು.

ಕ್ಷೌರಿಕ ಇಲ್ಲವೆಂದು ತಲೆಯಾಡಿಸಿದ.

ನರ್ಸಮ್ಮ ಒಮ್ಮೆ ಬಾಗಿಲ ಕಡೆ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಅಣ್ಣನಿಗೆ ಅದು ತಡೆಯಲಾಗಲಿಲ್ಲ. ಅಂಗಳಕ್ಕೆ ಹೋಗಿ ಎಲ್ಲರಿಗೂ ಕೇಳುವಂತೆ ಕೂಗಿದ: “ನೋಡ್ರಮ್ಮ, ನಿಮ್ಮ ಮನೆಗಳಲ್ಲಿ ಕಷ್ಟ ಬಂದಾಗ ಇವಳು ಬಂದಿದ್ಲು. ನನ್ನ ತಂಗಿಗೆ ಆ ಕಾಯಿಲೆ ಇರಲಿಲ್ಲ! ಕೇಳಿ ಬೇಕಿದ್ರೆ, ಕೈ ಹಿಡಿದ ಗಂಡ ಇಲ್ಲೇ ಇದ್ದಾನೆ. ಹೇಳಿ ಭಾವ, ಹೇಳಿಬಿಡಿ!”

ಕ್ಷೌರಿಕ ಬಾಗಿಲಿಗೆ ಬಂದು ನಿಂತ. ಎದುರುಮನೆಯಾಕೆ ಆಗಲೇ ಚಪ್ಪಲಿ ಬಿಟ್ಟು ನಿಂತಿದ್ದಳು. ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು, ಆ ಮಾತು ಸಿಕ್ಕರೆ ಓಡಿ ಬಂದು ಮೈ ತೊಳೆದಾಳು, ಬಾಯಿಬಿಟ್ಟು ಅತ್ತಾಳು. ಮೇಷ್ಟ್ರು ಕೋಲೂರಿಕೊಂಡು ಬೇಲಿಯ ಬಳಿ ನಿಂತಿದ್ದರು. ಅವನ ಬೆನ್ನ ಹಿಂದೆ ಮಂಡಳಿಯವರು ಉಸಿರು ಬಿಗಿಹಿಡಿದದ್ದು ಅವನಿಗೆ ತಿಳಿಯಿತು. ತಿರುಗಿ ನೋಡಲಿಲ್ಲ. ನೋಡಿದ್ದರೂ ಯಾರು ಯಾರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

“ಅವಳು ಇದ್ದಾಗ ಹೇಳದ ಮಾತು,” ಎಂದ ಅವನು. “ಅವಳು ಹೋದ ಮೇಲೆ ನಾನು ಹೇಗೆ ಹೇಳ್ಲಿ? ಬರೋರು ಹಾಗೇ ಬನ್ನಿ. ಬರದಿದ್ರೂ ನನಗೆ ಬೇಜಾರಿಲ್ಲ.”

“ಹಾಗಂದ್ರೆ ಇತ್ತು ಅಂತಾನೇ ತಿಳ್ಕೋತಾರೆ!” ಅಣ್ಣ ಹೆಚ್ಚುಕಮ್ಮಿ ಕಿರುಚಿದ. “ಅವಳಿಗಷ್ಟೇ ಅಲ್ಲ, ನಿಮಗೂ ಇದೆ ಅಂತಾರೆ!”

“ಅಂದ್ಕೊಳ್ಳಲಿ ಅಣ್ಣಾ.”

ಅಣ್ಣ ಕೈಚೆಲ್ಲಿ ಜಗಲಿಯ ಮೇಲೆ ಕುಸಿದು ಕೂತ. ಮೇಷ್ಟ್ರು ಸ್ವಲ್ಪ ಹೊತ್ತು ನಿಂತಿದ್ದು ಮೆಲ್ಲನೆ ಮನೆ ಕಡೆ ನಡೆದರು. ಇಬ್ಬರು ಮೂವರು ಅವರ ಹಿಂದೆಯೇ ಹೋದರು. ಎದುರುಮನೆಯಾಕೆ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. ಆಮೇಲೆ ಬಗ್ಗಿ, ಬಕೆಟ್ಟನ್ನು ಹೊಸ್ತಿಲಿನ ಒಳಗೆ ಕೈ ನಿಲುಕುವಷ್ಟು ದೂರ ತಳ್ಳಿ, “ಆರಿಹೋಗುತ್ತೆ, ಬೇಗ ಹಾಕಿ,” ಎಂದು ಹೇಳಿ ಹೋದಳು.

ನರ್ಸಮ್ಮನೂ ಬೇರೆ ಹೆಂಗಸರೂ ಬಾಗಿಲು ಮುಂದೆಳೆದುಕೊಂಡು ಸ್ನಾನ ಮಾಡಿಸಿದರು. ಹೊರಗೆ ನಿಂತ ಕ್ಷೌರಿಕನಿಗೆ ನೀರು ಸುರಿಯುವ ಸದ್ದು, ನಡುನಡುವೆ ಯಾರೋ ಬಿಕ್ಕುವುದು, ಇನ್ಯಾರೋ, “ಕತ್ತು ಹುಷಾರು, ಮೆತ್ತಗೆ,” ಎನ್ನುವುದು ಕೇಳುತ್ತಿತ್ತು. ಅಣ್ಣ ಮೊಣಕಾಲಲ್ಲಿ ಮುಖ ಹುದುಗಿಸಿ ಆ ಸದ್ದನ್ನೇ ಕೇಳುತ್ತಿದ್ದ.

ಬಟ್ಟೆ ಹಾಕಿದ ಮೇಲೆ ಒಳಗೆ ಕರೆದರು. ಒರೆಸಿದ ಕೂದಲನ್ನು ಕ್ಷೌರಿಕ ತಾನೇ ಹೆಣೆಯಲು ಕೂತ. ಜೀವಮಾನವೆಲ್ಲ ಗಂಡಸರ ತಲೆ ಕತ್ತರಿಸಿದವನು, ಜಡೆ ಹಾಕಿ ಅಭ್ಯಾಸವಿಲ್ಲ. ಮೂರು ಎಳೆಯಲ್ಲಿ ಒಂದು ಜಾರಿತು, ಹೆಣಿಗೆ ಸೊಟ್ಟಗೆ ಹೋಯಿತು.

“ನನ್ನದೊಂದು ಆಕ್ಷೇಪಣೆ ಇದೆ,” ಎಂದಿತು ಹಿಂದಿನಿಂದ ಒಂದು ಒಡಕು ದನಿ. ಎಲ್ಲರೂ ತಿರುಗಿದರು. “ಜಡೆ ಎಡಕ್ಕೆ ಎಳೀತಾ ಇದೆ. ಸರೀರಿ ಸ್ವಲ್ಪ. ತಾಯಿಲ್ಲದ ಮೂರು ಹೆಣ್ಣುಮಕ್ಕಳಿಗೆ ಜಡೆ ಹಾಕಿ ಸ್ಕೂಲಿಗೆ ಕಳ್ಸಿದೋನು ನಾನು.”

ಆಕ್ಷೇಪಣೆ ಮಂಡಿಯೂರಿ ಕೂತ. ಸ್ಟಿಯರಿಂಗ್ ಹಿಡಿದು ಜಡ್ಡುಗಟ್ಟಿದ ಬೆರಳುಗಳು ಹೆಣಿಗೆಯನ್ನು ಬಿಚ್ಚಿ, ಬೈತಲೆಯಿಂದ ಮತ್ತೆ ಶುರುಮಾಡಿದವು. ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಜಡೆ ಮುಗಿಯುವ ಹೊತ್ತಿಗೆ ಒಳಗೆ ಬಂದು ತುದಿಗೆ ಕಟ್ಟುವ ದಾರ ಹುಡುಕಿ ಕೊಟ್ಟ.

*

ಸ್ಮಶಾನದಲ್ಲಿ ಹೆಚ್ಚು ಹೊತ್ತಾಗಲಿಲ್ಲ. ಅಣ್ಣ ಅಲ್ಲಿಂದಲೇ ಬಸ್ಸು ಹಿಡಿದ. ಹೊರಡುವಾಗ ಕ್ಷೌರಿಕನ ಎರಡೂ ಕೈ ಹಿಡಿದುಕೊಂಡ. “ನಿಮ್ಮಿಬ್ಬರನ್ನೂ ನನಗೆ ಅರ್ಥ ಮಾಡ್ಕೊಳ್ಳೋಕೆ ಆಗಲಿಲ್ಲ ಭಾವ,” ಎಂದ. ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು.

ಉಳಿದವರು ವ್ಯಾನು ಹತ್ತಿದರು. ಕ್ಷೌರಿಕನನ್ನು ಮನೆಗೆ ಬಿಟ್ಟು ಮುಂದೆ ಹೋಗುವುದೆಂದು ಮಾತಾಗಿತ್ತು.

“ಮುಂದಿನ ವಾರ ಸಭೆ ಇದೆ,” ಎಂದಳು ನರ್ಸಮ್ಮ. “ಎಲ್ಲರಿಗೂ ನಾನೇ ಫೋನ್ ಮಾಡ್ತೀನಿ.”

“ಅವರಿಲ್ಲದೆ ಸಭೆ ನಡೆಸೋದಕ್ಕೆ,” ಎಂದು ಆಕ್ಷೇಪಣೆ ಎಂದಿನಂತೆ ಎದ್ದು ನಿಲ್ಲಲು ಹೋಗಿ, ವ್ಯಾನಿನ ಚಾವಣಿ ತಲೆಗೆ ತಾಗಿ ಮತ್ತೆ ಕೂತ. “ಅದಕ್ಕೆ ನನ್ನ ಆಕ್ಷೇಪಣೆ ಇದೆ.”

ಯಾರೂ ನಗಲಿಲ್ಲ. ನರ್ಸಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಕ್ಷೌರಿಕನೇ ಹೇಳಿದ: “ದಾಖಲಾಯ್ತು.”

ಆಕ್ಷೇಪಣೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಅತ್ತು ಅತ್ತು ಸೋತು, ರಸ್ತೆಯ ತೂಗಾಟಕ್ಕೆ ಹಾಗೇ ನಿದ್ದೆ ಹೋದ. ತಲೆ ಒಂದೆರಡು ಸಲ ಮುಂದಕ್ಕೆ ಬಿದ್ದು, ಕೊನೆಗೆ ಪಕ್ಕದಲ್ಲಿದ್ದ ಕ್ಷೌರಿಕನ ಭುಜಕ್ಕೆ ಒರಗಿತು.

ಬೀದಿ ಬಂತು. ಸಂಜೆಯಾಗಿತ್ತು. ಜನ ಜಗಲಿಗಳ ಮೇಲೆ ಕೂತಿದ್ದರು. ವ್ಯಾನನ್ನು ಕಂಡು ಕೆಲವರು ಎದ್ದು ನಿಂತರು. ಡ್ರೈವರ್ ವೇಗ ತಗ್ಗಿಸಿ ಕನ್ನಡಿಯಲ್ಲಿ ನೋಡುತ್ತಾ, “ಇಲ್ಲೇ ಅಲ್ವಾ ಸಾರ್ ನಿಮ್ಮನೆ?” ಎಂದ.

ಕ್ಷೌರಿಕ ಭುಜ ಅಲುಗಿಸಲಿಲ್ಲ. ಇನ್ನೊಂದು ಕೈ ಮಾತ್ರ ಎತ್ತಿ, ಮುಂದೆ ಹೋಗು, ಮೊದಲು ಇವರನ್ನೆಲ್ಲ ಬಿಟ್ಟು ಬರೋಣ ಎಂದು ಸನ್ನೆ ಮಾಡಿದ. ತೆರೆದ ಕಿಟಕಿಯಿಂದ ಬೀದಿಯವರೆಲ್ಲ ನೋಡುತ್ತಿದ್ದಂತೆಯೇ ಆ ನರೆತ ತಲೆ ಇನ್ನಷ್ಟು ಜಾರಿ ಅವನ ಕತ್ತಿನ ಮಗ್ಗುಲಿಗೆ ಬಂದು ನಿಂತಿತು. ಕುಲುಕಾಡದಂತೆ ಅವನು ಅದಕ್ಕೆ ಅಂಗೈ ಆನಿಸಿ ಹಿಡಿದುಕೊಂಡ.