ನಾಲ್ಕು ಬೆರಳು ಗಿಡ್ಡ

ನಾನು ಒಂದು ಮಗ್ಗ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹುಟ್ಟಿದೆ. ಹುಟ್ಟುವ ಮುಂಚೆ ನಾನು ಬೇರೆ ಏನೇನೋ ಆಗಿದ್ದೆ: ಒಡೆದ ಪಂಪಿನ ಹೊಟ್ಟೆ, ಕಬ್ಬಿನ ಗಾಣದ ಸವೆದ ಉರುಳು, ಯಾರದೋ ಹೊಲಿಗೆ ಯಂತ್ರದ ಕಾಲು. ಎಲ್ಲವನ್ನೂ ಕುಲುಮೆಯಲ್ಲಿ ಕರಗಿಸಿ ಮರಳಿನ ಅಚ್ಚಿಗೆ ಸುರಿದರು. ತಣ್ಣಗಾದ ಮೇಲೆ ನನ್ನ ಎರಡು ಪಕ್ಕೆಗಳೂ ನಾಲ್ಕು ಕಾಲುಗಳೂ ಎದ್ದು ಬಂದವು.

ನನ್ನನ್ನು ಮಾಡಿದವನು ವಸಂತ ಪಾಟಣೇಕರ. ಮಾಡಿದ ಎಂದರೆ ನಕಲು ಮಾಡಿದ. ಮುಚ್ಚಿಹೋದ ಮಿಲ್ಲೊಂದರಿಂದ ಹಳೆಯ ಪರದೇಶದ ಮಗ್ಗವೊಂದನ್ನು ತಂದು, ತಿರುಪು ತಿರುಪನ್ನೂ ಬಿಚ್ಚಿ, ಅಳತೆ ತೆಗೆದು, ಎರಡು ವರ್ಷ ಕೂತು ಅದರ ಹಾಗೆಯೇ ನನ್ನನ್ನು ಎರಕ ಹುಯ್ಯಿಸಿದ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಸುಬು ಕಲಿಯುವುದೇ ಹಾಗೆ. ಆದರೆ ಒಂದು ಅಳತೆಯನ್ನು ಮಾತ್ರ ಅವನು ಯೋಚಿಸದೆ ತೆಗೆದುಕೊಂಡ. ಅದು ನನ್ನ ಕಾಲಿನದು.

ನನಗೆ ಹಳೆಯ ಮಗ್ಗಗಳ ಹಾಗೆ ಅತ್ತಿತ್ತ ಓಡುವ ಲಾಳಿ ಇಲ್ಲ. ಎರಡು ಕೈಗಳಿವೆ. ಎಡಗೈ ಅಡ್ಡನೂಲನ್ನು ಹಿಡಿದು ನಟ್ಟನಡುವಿನವರೆಗೆ ತರುತ್ತದೆ, ಬಲಗೈ ಅಲ್ಲಿ ಅದನ್ನು ತೆಗೆದುಕೊಂಡು ಆಚೆಗೆ ಒಯ್ಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇದು ಮೂರ್ನಾಲ್ಕು ಸಲ ನಡೆದಿರುತ್ತದೆ.

ಬನಹಟ್ಟಿಯ ಮಹಾದೇವಪ್ಪ ಕೊಣ್ಣೂರನ ಮಿಲ್ಲಿಗೆ ನನ್ನನ್ನು ಪರೀಕ್ಷೆಗೆಂದು ಕಳಿಸಿದರು. ಊರೆಲ್ಲ ಅವನನ್ನು ಸಾವಕಾರ ಎಂದೇ ಕರೆಯುತ್ತಿತ್ತು. ಹಳೆಯ ಲಾಳಿ ಮಗ್ಗಗಳನ್ನು ತೆಗೆದು ಹೊಸ ಹನ್ನೆರಡು ಮಗ್ಗ ಹಾಕುವುದೆಂದು ಅವನು ಗಟ್ಟಿ ಮಾಡಿಕೊಂಡಿದ್ದ. ನನ್ನ ಪಕ್ಕದಲ್ಲಿ, ಪಾಟಣೇಕರ ನಕಲು ಮಾಡಿದಂಥದೇ ಪರದೇಶದ ಮಗ್ಗವೊಂದನ್ನೂ ನಿಲ್ಲಿಸಿದ್ದರು. ಅದು ಹಳೆಯದಾದರೂ ಹೊಸ ಬಣ್ಣ ಬಳಿದುಕೊಂಡು ಬಂದಿತ್ತು. ಒಂದು ತಿಂಗಳು ಎರಡನ್ನೂ ನಡೆಸಿ, ಸರಿಬಂದದ್ದನ್ನು ತರಿಸುವುದೆಂದು ಮಾತು. ನೋಡಲು ಬಂದವರನ್ನೆಲ್ಲ ಸಾವಕಾರ ನೇರವಾಗಿ ಅದರ ಮುಂದೆ ಕರೆದೊಯ್ಯುತ್ತಿದ್ದ. ನನ್ನ ಮೈಯಿಂದ ಎಣ್ಣೆ ಸೋರುತ್ತಿತ್ತು, ಸದ್ದೂ ಜಾಸ್ತಿ. ಪಕ್ಕದ್ದು ಒಂದು ಸಲವೂ ಕೆಡಲಿಲ್ಲ. ಕೆಟ್ಟು ನಿಂತಿತು ಎಂದು ಹೇಳಿದರೆ ನನ್ನ ಕಥೆ ಸಲೀಸಾಗುತ್ತಿತ್ತು, ಆದರೆ ಅದು ಸುಳ್ಳಾಗುತ್ತದೆ.

ಎರಡರ ಮೇಲೂ ಹೆಚ್ಚಾಗಿ ನೇಯುತ್ತಿದ್ದವಳು ದುಂಡವ್ವ ಹಳಿಂಗಳಿ. ಹೆಸರಿಗೆ ತಕ್ಕ ಮೈ, ಗಿಡ್ಡ ಆಳು, ದಪ್ಪ ಮುಂಗೈ. ಹನ್ನೆರಡು ವರ್ಷ ಮೂಲೆಯಲ್ಲಿ ಕೂತು ಕಂಡಕಿಗೆ, ಎಂದರೆ ನೂಲಿನ ಉರುಳೆಗೆ, ನೂಲು ಸುತ್ತಿ, ಜಗಳ ಮಾಡಿ ಮಗ್ಗಕ್ಕೆ ಬಂದವಳು. ಅವಳು ಬಂದ ಮೇಲೆ ಇನ್ನೂ ಹತ್ತು ಹೆಂಗಸರು ಬಂದಿದ್ದರು.

ಹಾಸಿನ ಎಳೆ ಹರಿದರೆ ಮಗ್ಗ ತಾನಾಗಿಯೇ ನಿಲ್ಲುತ್ತದೆ. ನೇಯುವವರು ಮುಂದಿನಿಂದ ಬಗ್ಗಿ, ಎಳೆ ಕೂಡಿಸಿ, ಬಾಚಣಿಗೆಯಂಥ ಹಣಿಗೆಯಲ್ಲಿ ಅದರದೇ ಹಲ್ಲಿನೊಳಗೆ ತೂರಿಸಬೇಕು. ದುಂಡವ್ವನ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ನೂಲಿನ ಖಾಲಿ ಪೆಟ್ಟಿಗೆಯನ್ನು ಎಳೆದು, ಅದರ ಮೇಲೆ ಹತ್ತಿ, ಎಳೆ ತೂರಿಸಿ, ಇಳಿದು, ಆಚೆಯ ಮಗ್ಗಕ್ಕೆ ಓಡಿ, ಮತ್ತೆ ಪೆಟ್ಟಿಗೆ. ಎಣ್ಣೆಯ ನೆಲದ ಮೇಲೆ ಪೆಟ್ಟಿಗೆ ಜಾರಿ ಎರಡು ಸಲ ಬಿದ್ದಳು. ನೇಯಲಿಕ್ಕೆ ಕರೆದಿದ್ದೀರೋ ಗುಡ್ಡ ಹತ್ತಲಿಕ್ಕೆ ಕರೆದಿದ್ದೀರೋ ಎಂದು ಸಾವಕಾರನನ್ನು ಕೇಳಿದಳು. ಅವನು ನಕ್ಕು ಆಚೆ ನಡೆದ. ಪೆಟ್ಟಿಗೆ ಹತ್ತುವ ಬೇಸರಕ್ಕೆ, ಬೇರೆ ಪಾಳಿಗಳಲ್ಲಿ ನಮ್ಮ ಮೇಲೆ ನೇಯುತ್ತಿದ್ದ ಉಳಿದ ಹೆಂಗಸರು ಹರಿದ ಎಳೆಯನ್ನು ಕೈಗೆಟುಕಿದ ಹಲ್ಲಿಗೆ ಸೇರಿಸಿಬಿಡುತ್ತಿದ್ದರು. ಹಾಗೆ ಮಾಡಿದಾಗ ಬಟ್ಟೆಯುದ್ದಕ್ಕೂ ಸಣ್ಣ ಗೆರೆ ಬೀಳುತ್ತದೆ.

ತಿಂಗಳು ಮುಗಿಯುವ ಹೊತ್ತಿಗೆ ಗೆರೆ ಬಿದ್ದ ಬಟ್ಟೆಯ ರಾಶಿಯೇ ಆಯಿತು. ಸಾವಕಾರ ಪರದೇಶದ ಮಗ್ಗ ತಂದ ಏಜೆಂಟನನ್ನು ಕರೆಸಿದ. ದುಂಡವ್ವ ಕೇಳಿದ್ದು ಒಂದೇ: ಕಾಲು ಸ್ವಲ್ಪ ಇಳಿಸಬಹುದೇ? ಏಜೆಂಟ ಅವಳ ಕಡೆ ನೋಡದೆ ಸಾವಕಾರನಿಗೆ ಉತ್ತರ ಕೊಟ್ಟ.

"ಮಷಿನ್ ಬದಲಾಗೂದಿಲ್ಲ ಸಾವಕಾರ್ರ. ಮಂದಿ ಬದಲ್ ಮಾಡ್ರಿ."

ಎತ್ತರದ ಗಂಡಾಳುಗಳನ್ನು ತಾನೇ ಕಳಿಸಿಕೊಡುವುದಾಗಿಯೂ ಹೇಳಿದ. ಸಾವಕಾರ ಆಗಲೆಂದು ತಲೆಯಾಡಿಸಿದ. ಹೆಂಗಸರನ್ನು ಕೆಲಸದಿಂದ ಬಿಡಿಸುವುದಿಲ್ಲ, ಎಲ್ಲರೂ ಮತ್ತೆ ಕಂಡಕಿ ಸುತ್ತಲಿ ಎಂದ. ಕರುಣೆಯಿಂದಲೇ ಹೇಳಿದ. ಅದೇ ದುಂಡವ್ವನಿಗೆ ತಡೆಯದಾಯಿತು.

"ನಾ ಮತ್ತ ಕಂಡಕಿಗೆ ಹೋಗಾಂಗಿಲ್ಲ," ಎಂದಳು.

ಮರುದಿನ ಅವಳು ಗೆರೆ ಬಿದ್ದ ಬಟ್ಟೆಯನ್ನೆಲ್ಲ ನೆಲದ ಮೇಲೆ ಹಾಸಿ ಸಾವಕಾರನನ್ನು ಅದರ ಪಕ್ಕದಲ್ಲಿ ನಡೆಸಿದಳು. ಗೆರೆಗಳೆಲ್ಲ ಬಟ್ಟೆಯ ನಡುವೆ ಇದ್ದವು, ದಂಡೆಗೆ ಒಂದೂ ಇರಲಿಲ್ಲ. ದಂಡೆಯ ಎಳೆ ಹರಿದರೆ ಪಕ್ಕದಿಂದ ಕೈ ಹಾಕಬಹುದು, ನಡುವಿನದು ಹರಿದರೆ ಎದುರಿನಿಂದಲೇ ಬಗ್ಗಬೇಕು. ನೇಯುವವರ ಕೈ ಕೆಟ್ಟದ್ದಾಗಿದ್ದರೆ ಗೆರೆ ಎಲ್ಲ ಕಡೆ ಬೀಳಬೇಕಿತ್ತಲ್ಲ ಎಂದು ಅವಳು ಕೇಳಿದಳು. ಸಾವಕಾರ ಕೂತು ಒಂದೊಂದೇ ಗೆರೆಯ ಮೇಲೆ ಬೆರಳು ಆಡಿಸಿದ. ಅವನೂ ನೇಕಾರರ ಮನೆಯವನೇ. ಎದ್ದು ಹೋಗಿ ಬೆಳಗಾವಿಗೆ ಫೋನು ಮಾಡಿದ.

ಪಾಟಣೇಕರ ಮಧ್ಯಾಹ್ನದ ಬಸ್ಸಿಗೆ ಬಂದ. ಎಣ್ಣೆ ಸೋರುವುದಕ್ಕೆ ಕರೆಸಿದ್ದಾರೆ ಎಂದುಕೊಂಡು ತಿರುಪು ಬಿಗಿಯುವ ಪಾನಾ ಹಿಡಿದು ನನ್ನ ಕೆಳಗೆ ತೂರಿದ. ದುಂಡವ್ವ ಅವನನ್ನು ಹೊರಗೆ ಕರೆದಳು.

"ಈ ಕಾಲು ಯಾರ ಅಳತಿಗೆ ಮಾಡೀರಿ?"

"ಅಳತಿ ಅಂದ್ರ ಅಳತಿರೀ ಅಕ್ಕಾರ. ಡ್ರಾಯಿಂಗಿನ್ಯಾಗ ಹಂಗ ಐತಿ."

"ಡ್ರಾಯಿಂಗ್ ತಗದವರು ಯಾರು?"

"ನಾನ."

"ಯಾರನ್ನ ನೋಡಿ ತಗದ್ರಿ?"

ಪಾಟಣೇಕರನ ಕಣ್ಣು ತಾನಾಗಿಯೇ ಪಕ್ಕದ ಮಗ್ಗದ ಕಡೆ ಹೋಯಿತು.

"ನಮ್ಮಪ್ಪನ ಕುಣಿಮಗ್ಗಕ್ಕ ಕಾಲಿಡೂ ಕುಣಿ ತೋಡೂ ಮುಂದ ಮೊದಲ ಅವನ ಕಾಲ ಅಳದಿದ್ರು," ಎಂದಳು ದುಂಡವ್ವ. "ನೀವು ಮಷಿನ್ ಅಳದೀರಿ. ನೇಯಾವ್ರನ್ನ ಅಳದಿಲ್ಲ."

ಅವನಿಗೆ ಸಿಟ್ಟು ಬಂತು. ಎರಡು ವರ್ಷದ ಕೆಲಸವನ್ನು ಒಬ್ಬಳು ಒಂದು ಮಾತಿನಲ್ಲಿ ತಳ್ಳಿಹಾಕಿದರೆ ಯಾರಿಗಾದರೂ ಬರುತ್ತದೆ. ಕಾಲು ಕತ್ತರಿಸಿದರೆ ಮಗ್ಗ ನಡುಗುತ್ತದೆ ಎಂದ. ಕೆಳಗೆ ಸುತ್ತಿಕೊಳ್ಳುವ ಬಟ್ಟೆಯ ಸುರುಳಿ ದಪ್ಪವಾದಾಗ ನೆಲಕ್ಕೆ ತಾಗುತ್ತದೆ ಎಂದ. ತಾಗುವ ಮೊದಲೇ ಸುರುಳಿ ಬಿಚ್ಚಿ ಇಳಿಸುತ್ತೇವೆ, ದಿನಕ್ಕೆ ಒಂದು ಸಲ ಹೆಚ್ಚು ಎತ್ತಬೇಕಾದೀತು, ಅದು ನಮ್ಮ ರಟ್ಟೆಯ ಕೆಲಸ ಎಂದಳು ಅವಳು. ಉಳಿದ ಹತ್ತು ಹೆಂಗಸರೂ ಬಂದು ಅವಳ ಹಿಂದೆ ನಿಂತಿದ್ದರು. ಪಾಟಣೇಕರ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಮಗ್ಗದ ಮುಂದೆ ನಿಲ್ಲುವವರನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು ಎಂದು ನನ್ನ ಅನುಮಾನ. ಆಮೇಲೆ ಜೇಬಿನಿಂದ ಸುಣ್ಣದ ಕಡ್ಡಿ ತೆಗೆದು ಕೇಳಿದ:

"ಎಷ್ಟ ಇಳಸಬೇಕ್ರಿ?"

ದುಂಡವ್ವ ಕೂತು ನನ್ನ ಕಾಲಿಗೆ ತನ್ನ ಅಂಗೈಯನ್ನು ಅಡ್ಡ ಹಿಡಿದಳು. ನಾಲ್ಕು ಬೆರಳು. ಅವನು ಅದರ ಮೇಲೆ ಗೆರೆ ಎಳೆದ.

ಎಂಟು ದಿನ ಬಿಟ್ಟು ಕತ್ತರಿಸುವ ಯಂತ್ರ ತಂದ. ಸರಪಳಿಯಿಂದ ನನ್ನನ್ನು ಮೇಲೆತ್ತಿ, ನಾಲ್ಕೂ ಕಾಲು ಕೊಯ್ದು, ಹೊಸ ತೂತು ಕೊರೆದು ಬೋಲ್ಟು ಬಿಗಿದ. ನನಗೆ ನೋವು ಗೊತ್ತಿಲ್ಲ, ನಡುಕ ಗೊತ್ತು. ಮೊದಲ ದಿನ ಎಷ್ಟು ನಡುಗಿದೆನೆಂದರೆ ಗೋಡೆಯ ಸುಣ್ಣ ಉದುರಿತು. ಸಾವಕಾರ ಮುಖ ಸಿಂಡರಿಸಿಕೊಂಡು ಹೊರಗೆ ಹೋದ. ಪಾಟಣೇಕರ ಊರಿಗೆ ಹೋಗಲಿಲ್ಲ. ಎರಡು ದಿನ ಮಿಲ್ಲಿನಲ್ಲೇ ರೊಟ್ಟಿ ತಿಂದು, ಕಾಲಡಿಗೆ ರಬ್ಬರು ಕೊಟ್ಟು, ಮಟ್ಟ ನೋಡಿ, ಮತ್ತೆ ಬಿಗಿದ. ಮೂರನೆಯ ದಿನ ನಡುಕ ನಿಂತಿತು. ಮುಂದಿನ ಹದಿನೈದು ದಿನ ನೇಯ್ದ ಬಟ್ಟೆಯ ನಡುವೆ ಒಂದೂ ಗೆರೆ ಇರಲಿಲ್ಲ. ಪರದೇಶದ ಮಗ್ಗ ಈಗಲೂ ನನಗಿಂತ ಬೇಗ ನೇಯುತ್ತಿತ್ತು, ಗೆರೆಯನ್ನೂ ಸೇರಿಸಿ. ಸಾವಕಾರ ಅದನ್ನು ವಾಪಸು ಕಳಿಸಿ, ನನ್ನಂಥವೇ ಇನ್ನೂ ಹನ್ನೊಂದು ಬೇಕೆಂದು ಬೆಳಗಾವಿಗೆ ಹೇಳಿದ. ಎಲ್ಲವೂ ಗಿಡ್ಡ ಕಾಲಿನವು.

ದುಂಡವ್ವ ನನ್ನ ಮೇಲೆ ಹದಿನಾಲ್ಕು ವರ್ಷ ನೇಯ್ದಳು. ಕಾಲು ಇಳಿಸಿದ್ದರಿಂದ ಎಲ್ಲ ಸುಖವಾಯಿತು ಎಂದೇನಲ್ಲ. ಬಟ್ಟೆಯ ಸುರುಳಿ ಎತ್ತಿ ಎತ್ತಿ ಅವಳ ಸೊಂಟ ಹಿಡಿಯಿತು, ನನ್ನ ಸದ್ದಿಗೆ ಒಂದು ಕಿವಿ ಮಂದವಾಯಿತು. ಕೊನೆಯ ದಿನ ಎಳೆ ಕತ್ತರಿಸುವ ತನ್ನ ಕತ್ತರಿಯನ್ನು ಪಕ್ಕದವಳ ಕೈಗೆ ಕೊಟ್ಟು, ಬುತ್ತಿಗಂಟು ತೆಗೆದುಕೊಂಡು ಹೋದಳು. ತಿರುಗಿ ನೋಡಲಿಲ್ಲ. ಕಂಡಕಿಯ ಮೂಲೆಗೆ ಹೋಗದೆ ನೇಕಾರಳಾಗಿಯೇ ಹೋದಳು. ಅವಳು ಕೇಳಿದ್ದು ಅಷ್ಟೇ.

ಸಾವಕಾರನ ಕಾಲ ಮುಗಿದ ಮೇಲೆ ತೇರದಾಳದ ಗುರುಲಿಂಗ ಎಂಬವನು ನನ್ನನ್ನು ಕೊಂಡ. ಉದ್ದನೆಯ ಆಳು. ಮೊದಲ ವಾರವೇ ಬೆನ್ನುನೋವೆಂದು ಬೈದು, ನನ್ನ ಕಾಲಡಿಗೆ ಸಿಮೆಂಟಿನ ಕಟ್ಟೆ ಕಟ್ಟಿಸಿದ. ಸರಿಯಾಗಿ ನಾಲ್ಕು ಬೆರಳು. ನನಗೆ ಬೇಸರವಾಗಲಿಲ್ಲ. ಅವನ ಮೈಗೆ ಅವನ ಅಳತೆ.

ಕೊನೆಗೆ ನನ್ನ ಹಲ್ಲುಚಕ್ರಗಳು ಸವೆದವು. ಗುಜರಿಯವನು ಬಿಚ್ಚಿ ಲಾರಿಗೆ ಹಾಕಿದ. ಲಾರಿ ನಿಂತದ್ದು ಬೆಳಗಾವಿಯಲ್ಲಿ, ಅದೇ ಫೌಂಡ್ರಿಯ ಅಂಗಳದಲ್ಲಿ. ಈಗ ರಾಶಿಯೊಳಗೆ ಬಿದ್ದಿದ್ದೇನೆ. ಪಾಟಣೇಕರ ಇಲ್ಲ, ಅವನ ಪಟಕ್ಕೆ ಹಾರ ಹಾಕಿದ್ದಾರೆ. ಎದುರಿನ ಗೋಡೆಗೆ ಮಗ್ಗದ ಕಾಲಿನ ಮರಳಿನಲ್ಲಿ ಅಚ್ಚು ಒತ್ತುವ ಎರಡು ಮರದ ಮಾದರಿಗಳನ್ನು ಒರಗಿಸಿದ್ದಾರೆ. ಗಿಡ್ಡನೆಯದರ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಡಿ' ಅಕ್ಷರ. ಅದು ಪಾಟಣೇಕರನ ಕೈಬರಹ, ನಾನು ಬಲ್ಲೆ. ಅದರ ಮೇಲೆ ಧೂಳಿಲ್ಲ, ಎತ್ತರದ್ದರ ಮೇಲೆ ಬೆರಳು ದಪ್ಪ ಇದೆ.

ಇವತ್ತು ಬೆಳಿಗ್ಗೆ ಹೊಸದಾಗಿ ಸೇರಿದವನೊಬ್ಬ ಅದೇನೆಂದು ಹಳಬನನ್ನು ಕೇಳಿದ.

"ಡಿ ಅಂದ್ರ ಡಿಲಕ್ಸ್ ಮಾಡೆಲ್ಲಪಾ," ಎಂದ ಹಳಬ. "ಎಲ್ಲಾ ಕಡೆ ಇದನ್ನ ಕೇಳ್ತಾರ."

ನನಗೆ ಬಾಯಿದ್ದಿದ್ದರೆ ದುಂಡವ್ವನ ಹೆಸರು ಹೇಳಿ ತಿದ್ದುತ್ತಿದ್ದೆ. ಇಲ್ಲ, ಇರಲಿ. ನಾಳೆ ಕುಲುಮೆಗೆ ಹೋಗುವ ಸರದಿ ನನ್ನದು. ಕರಗಿದ ಮೇಲೆ ಪಂಪು ಆಗುತ್ತೇನೋ, ಮಗ್ಗ ಆಗುತ್ತೇನೋ ಗೊತ್ತಿಲ್ಲ. ಮಗ್ಗವೇ ಆದರೆ, ಈ ಸಲ ನನ್ನ ಕಾಲು ಕತ್ತರಿಸಬೇಕಾಗಿಲ್ಲ.